ಗೇಣು ಸರಿದ ಕಲ್ಲು

ಬೆಳಗಿನ ಆರೂವರೆಗೆ ಕಾಶಿರಾಮನ ಫೋನು ಬಾಯಿ ಮಾಡಿತು. ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ತನ್ನ ತೆಂಗಿನಕಾಯಿ ಅಂಗಡಿಯ ಬಾಗಿಲು ತೆಗೆಯುತ್ತಿದ್ದವನು ಹಾಗೇ ನಿಂತು ಫೋನನ್ನು ಕಿವಿಗಿಟ್ಟ.

“ಕಾಕಾ, ಬೋರಿನ ಗಾಡಿ ಬಂದದ! ನೀವಿಲ್ಲದ ಶುರು ಮಾಡಾಂಗಿಲ್ಲ ಅಂತ ಕುಂತೇವಿ. ಜಲ್ದಿ ಬರ್ರಿ!”

ಹುಮನಾಬಾದ್ ತಾಲೂಕಿನ ಹುಡಗಿ ಗ್ರಾಮದ ಮಹಾರುದ್ರಪ್ಪನ ದನಿ. ಹನ್ನೆರಡು ಎಕರೆ ಕಬ್ಬಿನ ಒಡೆಯ, ಊರವರ ಬಾಯಲ್ಲಿ ಸಾವಕಾರ, ಐವತ್ತು ದಾಟಿದವನು, ಆದರೆ ಆ ಬೆಳಗ್ಗೆ ಮದುವೆಗೆ ಹೊರಟ ಹುಡುಗನಂತೆ ಕೂಗುತ್ತಿದ್ದ. ಕಾಶಿರಾಮನಿಗೂ ಮೈಯಲ್ಲಿ ಕರೆಂಟು ಹರಿದಂತಾಯಿತು. ತೆಗೆದ ಬಾಗಿಲನ್ನು ಮತ್ತೆ ಹಾಕಿ, ಬೀಗ ಜಡಿದು, ಮೋಟರ್ ಸೈಕಲ್ಲಿಗೆ ಎರಡು ಸಲ ಒದ್ದು ಹೊರಟೇಬಿಟ್ಟ.

ಈ ಕಾಶಿರಾಮ ತೆಂಗಿನಕಾಯಿ ಮಾರಿ ಹೊಟ್ಟೆ ಹೊರೆದದ್ದು ನಿಜ; ಹೆಸರು ಮಾಡಿದ್ದು ಮಾತ್ರ ಮಾರದೆ ಉಳಿಸಿಕೊಂಡ ಒಂದೊಂದು ಕಾಯಿಯಿಂದ. ಯಾರಾದರೂ ಬೋರು ಹಾಕಿಸಬೇಕೆಂದರೆ ಅವನನ್ನು ಹೊಲಕ್ಕೆ ಕರೆಯುತ್ತಿದ್ದರು. ಅಂಗೈ ಮೇಲೆ ಸುಲಿದ ಕಾಯಿಯನ್ನು ಅಡ್ಡ ಮಲಗಿಸಿಕೊಂಡು ಬರಿಗಾಲಲ್ಲಿ ಹೊಲವೆಲ್ಲ ಸುತ್ತುತ್ತಿದ್ದ. ಎಲ್ಲಿ ಕಾಯಿ ಜುಟ್ಟು ಮೇಲೆ ಮಾಡಿ ಎದ್ದು ನಿಲ್ಲುತ್ತದೋ ಅಲ್ಲಿ ನೆಲದೊಳಗೆ ನೀರು. ಅದೇ ಪಾಯಿಂಟ್. ಅಲ್ಲೊಂದು ಕಲ್ಲಿಟ್ಟು, ಸುಣ್ಣ ಬಳಿದು, ಕುಂಕುಮ ಹಚ್ಚಿ, ಗಾಡಿ ಬರುವ ತನಕ ಯಾರೂ ಇದನ್ನು ಮುಟ್ಟಕೂಡದು ಎಂದು ಹೇಳಿ ಬರುತ್ತಿದ್ದ. ಕೂಲಿ ಕೇಳಿದವನಲ್ಲ. ನೀರು ಬಿದ್ದರೆ ಒಂದು ಶಾಲು ಹೊದಿಸಬೇಕು, ಅಷ್ಟೇ. ಮನೆಯ ಟ್ರಂಕಿನಲ್ಲಿ ಎಪ್ಪತ್ತೊಂದು ಶಾಲುಗಳಿದ್ದವು. ನೀರು ಬೀಳದ ಬೋರುಗಳಿಗೆ ಅವನ ಮನೆಯಲ್ಲಿ ಟ್ರಂಕು ಇರಲಿಲ್ಲ.

ಹಾಗಂತ ಅವನು ಮೋಸಗಾರನಲ್ಲ. ಮೋಸಗಾರನಾಗಿದ್ದರೆ ರಾತ್ರಿ ನಿದ್ದೆಯಾದರೂ ಕೆಡುತ್ತಿತ್ತು. ಅವನಿಗೆ ಪ್ರತಿ ಒಣ ಬೋರಿಗೂ ಒಂದು ಕಾರಣ ಸಿಗುತ್ತಿತ್ತು, ಮತ್ತು ಸಿಕ್ಕ ಕಾರಣವನ್ನು ಅವನೇ ಎಲ್ಲರಿಗಿಂತ ಮೊದಲು ನಂಬುತ್ತಿದ್ದ. ಹಳ್ಳಿಖೇಡದಲ್ಲಿ ನೀರು ಬರಲಿಲ್ಲ; ಹೊಲದ ಮಾಲೀಕ ಚಪ್ಪಲಿ ಮೆಟ್ಟಿಕೊಂಡು ಪಾಯಿಂಟಿನ ಮೇಲೆ ನಿಂತಿದ್ದ. ಹುಲಸೂರಿನಲ್ಲಿ ಬರಲಿಲ್ಲ, ಇನ್ನು ಇಪ್ಪತ್ತು ಅಡಿ ಇಳಿಸಿದ್ದರೆ ಬರುತ್ತಿತ್ತು, ಅವಸರ ಮಾಡಿದರು. ಹುಲಸೂರಿನಲ್ಲೇ ಇನ್ನೊಬ್ಬ ಇಪ್ಪತ್ತು ಅಡಿ ಹೆಚ್ಚು ಇಳಿಸಿದ. ಅವನು ನೀರನ್ನು ದಾಟಿ ಕೆಳಗೆ ಹೋಗಿಬಿಟ್ಟ. “ಕುಣಿಯಲಾರದಾಕಿ ನೆಲ ಡೊಂಕು ಅಂದಳಂತ” ಎಂದು ಒಮ್ಮೆ ಅವನ ಹೆಂಡತಿ ರೊಟ್ಟಿ ಬಡಿಯುತ್ತ ಅಂದದ್ದಕ್ಕೆ ಮಹಾರಾಯ ಎರಡು ದಿನ ಮನೆಯಲ್ಲಿ ಉಣ್ಣಲಿಲ್ಲ.

ಆದರೆ ಈಚೆಗೆ ಸತತ ಮೂರು ಪಾಯಿಂಟ್ ಒಣಗಿದ್ದವು. ಕಾರಣಗಳೇನೋ ಸಿಕ್ಕಿದ್ದವು, ಜನ ಮಾತ್ರ ಹೂಂಗುಟ್ಟುವಾಗ ಮುಖ ನೋಡುತ್ತಿರಲಿಲ್ಲ. ಇದು ನಾಲ್ಕನೆಯದು. ಇದೂ ಒಣಗಿದರೆ ಇನ್ನು ಯಾರೂ ಕರೆಯುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳನ್ನು ಒಂದೊಂದಾಗಿ ಹಿಂದೆ ಹಾಕುತ್ತ, ಹುಮನಾಬಾದಿನಲ್ಲಿ ಚಹಾಕ್ಕೂ ನಿಲ್ಲದೆ, ಹುಡಗಿ ಊರಿನ ಹೊಲ ಮುಟ್ಟಿದ.

ಹೊಲ ಅನ್ನುವುದಕ್ಕಿಂತ ಸಂತೆ ಅನ್ನಬೇಕು. ಅರ್ಧ ಊರೇ ಬದುವಿನ ಮೇಲೆ ನಿಂತಿತ್ತು. ಕಬ್ಬು ಕಡಿಯುತ್ತಿದ್ದವರು ಕುಡುಗೋಲು ಬಿಟ್ಟು ಬಂದಿದ್ದರು. ಮಹಾರುದ್ರಪ್ಪ ಹೆಂಡತಿ ಭಾಗಮ್ಮನನ್ನು ಪೂಜೆಗೆ ಕರೆತರಲು ಮನೆಗೆ ಹೋಗಿದ್ದ. ಗಾಡಿಯ ಆಪರೇಟರ್ ಮುಷರಫ್ ಕೈ ಒರೆಸಿಕೊಳ್ಳುತ್ತ ಕಾಶಿರಾಮನ ಬಳಿ ಬಂದ.

“ಕಾಕಾ, ನಿಮ್ಮ ಕಲ್ಲಿನ ಮ್ಯಾಲ ಕರೆಂಟಿನ ವೈರ್ ಹೋಗ್ಯಾದ. ಅಲ್ಲಿ ಗಾಡಿ ಎತ್ತಿದ್ರ ಸುಟ್ಟ ಹೋಗ್ತೇವಿ. ನಾಕ ಮೊಳ ಈ ಕಡಿ ನಿಲ್ಲಿಸೇನಿ. ನಡೀತದಲಾ?”

ಕಾಶಿರಾಮ ಕಲ್ಲನ್ನೂ ಗಾಡಿಯನ್ನೂ ನೋಡಿದ. ನಾಲ್ಕು ಮೊಳ! ಅಂದರೆ ಆರು ಅಡಿ. ಪಾಯಿಂಟ್ ಅಂದರೆ ಪಾಯಿಂಟು, ಕೂದಲೆಳೆ ಸರಿದರೂ ಕೆಟ್ಟಿತು ಎಂದು ಮೂವತ್ತು ವರ್ಷ ಸಾರಿದ ಬಾಯಿ ಅವನದು. ಬೇಡ ಎನ್ನಬೇಕು ಎಂದು ಬಾಯಿ ತೆರೆದ. ತೆರೆದ ಬಾಯಿ ಹಾಗೇ ನಿಂತಿತು. ಒಳಗಿನಿಂದ ಇನ್ನೊಂದು ಮಾತು ಮೆಲ್ಲಗೆ ಬಂದಿತ್ತು: ನೀರು ಬರದಿದ್ದರೆ? ಬರದಿದ್ದರೆ, ಅಗೋ, ಕಲ್ಲು ಅಲ್ಲಿದೆ, ಗಾಡಿ ಇಲ್ಲಿದೆ. ಇಷ್ಟು ಚೊಕ್ಕ ಕಾರಣ ಅವನಿಗೆ ಈ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ.

ಅವನು ತಲೆಯನ್ನು ಹೌದಿಗೂ ಅಲ್ಲಕ್ಕೂ ನಡುವೆ ಎಲ್ಲೋ ಆಡಿಸಿದ. ಮುಷರಫ್ ಅದನ್ನು ಹೌದು ಎಂದುಕೊಂಡು ಹೋದ. ಕಾಶಿರಾಮ ಕೂಡಲೇ ತನ್ನನ್ನು ಸಮಾಧಾನ ಮಾಡಿಕೊಂಡ: ಬೇಡ ಅಂದರೆ ಗಾಡಿ ವಾಪಸು ಹೋಗುತ್ತದೆ, ಮತ್ತೆ ಸಿಗುವುದು ಹದಿನೈದು ದಿನಕ್ಕೆ, ಅಷ್ಟರಲ್ಲಿ ಸಾವಕಾರನ ಕಬ್ಬು ಒಣಗುತ್ತದೆ. ಅವನ ಒಳ್ಳೆಯದಕ್ಕೇ ಸುಮ್ಮನಿದ್ದೇನೆ. ಹೀಗೆಂದುಕೊಂಡ ಮೇಲೆ ತಾನು ಬಹಳ ದೊಡ್ಡ ಮನಸ್ಸಿನವನೆಂದು ಅವನಿಗೇ ಅನ್ನಿಸಿತು.

“ಕಾಕಾ!”

ಗಾಡಿಯ ಆಚೆ ಬದಿಯಿಂದ ಒಬ್ಬಳು ಕೈ ಬೀಸುತ್ತಿದ್ದಳು. ಕಾಂತಾಬಾಯಿ. ಆ ಮುಖ ಕಂಡದ್ದೇ ಕಾಶಿರಾಮ ಕೇಳದವನಂತೆ ಗಾಡಿಯ ಕಡೆ ತಿರುಗಿದ.

ನಾಲ್ಕು ವರ್ಷದ ಹಿಂದೆ ಇದೇ ಊರಲ್ಲಿ ಅವಳ ಗಂಡ ದೇವಿಂದ್ರಪ್ಪನ ಎರಡು ಎಕರೆಗೆ ಕಾಶಿರಾಮನೇ ಪಾಯಿಂಟ್ ಕೊಟ್ಟಿದ್ದ. ಗಾಡಿ ಬರುವುದು ಎಂಟು ದಿನ ತಡವಾಯಿತು. ಮುನ್ನೂರು ಅಡಿ ಇಳಿದರೂ ಬರೀ ಧೂಳು. ಜನರೆಲ್ಲ ತನ್ನ ಮುಖ ನೋಡುತ್ತಿದ್ದಾಗ ಕಾಶಿರಾಮ ಕೇಳಿದ್ದ: “ಈ ಕಲ್ಲ ಯಾರರೇ ಮುಟ್ಟೀರೇನು?” ಆಗ ಕಾಂತಾಬಾಯಿ ಕೈ ಎತ್ತಿ, “ಕಳೆ ತೆಗಿಯೂ ಮುಂದ ನಾ ಎತ್ತಿದ್ದೆ ರೀ, ಮತ್ತ ಅಲ್ಲೇ ಇಟ್ಟೇನಿ” ಅಂದಳು. ಮುಳುಗುತ್ತಿದ್ದವನಿಗೆ ದಡ ಸಿಕ್ಕಿತು. “ಹಾಂ! ಅದೇ ಆತು ನೋಡ್ರಿ. ಗೇಣರೇ ಸರದಿರಬೇಕು” ಅಂದ. ಸರಿದಿರಬೇಕು ಎಂದದ್ದು ಸಂಜೆಯೊಳಗೆ ಸರಿದಿತ್ತು ಎಂದಾಯಿತು. ಊರ ಬಾಯಲ್ಲಿ ಗೇಣು ಮೊಳವಾಯಿತು. ಕಾಶಿರಾಮನಿಗೇ ಈಗ ಕಣ್ಣು ಮುಚ್ಚಿದರೆ ಸರಿದ ಕಲ್ಲು ಕಾಣುತ್ತಿತ್ತು, ಅದರ ಪಕ್ಕ ಹಳೆಯ ಗುರುತೂ ಕಾಣುತ್ತಿತ್ತು.

ಅಂದಿನಿಂದ ಆಕೆ ‘ನೀರ ಸರಿಸಿದಾಕಿ’. ಬಿತ್ತನೆಯ ದಿನ ಅತ್ತೆ ಅವಳ ಕೈಗೆ ಬೀಜ ಕೊಡುತ್ತಿರಲಿಲ್ಲ. ಯಾರ ಮನೆಯ ಪಾಯ ಪೂಜೆಗೂ ಅವಳು ಮುಂದೆ ನಿಲ್ಲುವಂತಿಲ್ಲ. ಈಗ ಪೂಜೆಯ ತಟ್ಟೆ ಹಿಡಿದು ಬಂದ ಭಾಗಮ್ಮ ಕೂಡ, ಕೆಟ್ಟವಳೇನಲ್ಲ, ಆದರೂ ಮೊದಲು ಅಂದ ಮಾತೇ ಇದು: “ಕಾಂತಾ, ನೀ ಸ್ವಲ್ಪ ದೂರ ನಿಂದ್ರವಾ, ಇವತ್ತೊಂದಿನ.” ಕಾಂತಾಬಾಯಿ ಅದಾಗಲೇ ಗುಂಪು ಬಿಟ್ಟು ಗಾಡಿಯ ಹಿಂಬದಿಗೆ ನಿಂತಿದ್ದಳು. ಹಾಗೆ ಗುಂಪಿನಿಂದ ದೂರ ನಿಂತದ್ದರಿಂದಲೇ, ಎಲ್ಲರೂ ಗಾಡಿ ನೋಡುತ್ತಿದ್ದರೆ, ಅವಳ ಕಾಲ ಬುಡದಲ್ಲಿ ಕುಂಕುಮದ ಕಲ್ಲು ಇತ್ತು.

ಕಾಶಿರಾಮ ಹತ್ತಿರ ಹೋದ. ಅವಳು ಗಾಬರಿಯಿಂದ ಪಿಸುಗುಟ್ಟಿದಳು.

“ಕಾಕಾ, ಕಲ್ಲ ಇಲ್ಲೇ ಅದ ರೀ! ಗಾಡಿ ಅಲ್ಲಿ ನಿಂತದ! ನಮ್ಮಲ್ಲಿ ಒಂದ ಗೇಣಿಗೇ ನೀರ ಹೋತು. ಇಷ್ಟ ಸರದ್ರ ಸಾವಕಾರ್ರ ಗತಿ ಏನ್ರಿ? ಜಲ್ದಿ ನಿಲ್ಲಿಸ್ರಿ!”

“ನನಗ ಗೊತ್ತದ. ನೀ ಸುಮ್ಮನಿರು.”

“ಆದ್ರ ಕಾಕಾ…”

“ಸುಮ್ಮನಿರಂದ್ನಲ್ಲ!”

ಸುಮ್ಮನಿರುವುದು ನಾಲ್ಕು ವರ್ಷದಲ್ಲಿ ಅವಳಿಗೆ ರೂಢಿಯಾಗಿತ್ತು.

ಭಾಗಮ್ಮ ಗಾಡಿಗೆ ಕುಂಕುಮವಿಟ್ಟು ಕಾಯಿ ಒಡೆದಳು. ಮುಷರಫ್ ‘ಬಿಸ್ಮಿಲ್ಲಾ’ ಎಂದು ಹಿಡಿಕೆ ಎಳೆದ. ಗಾಡಿ ಒಮ್ಮೆ ಗುಡುಗಿತು, ನೆಲ ನಡುಗಿತು, ಕೆಂಪು ಧೂಳು ಮುಗಿಲಿಗೆ ಹಾರಿತು. ಜನ ಹೋ ಎಂದು ಹಿಂದೆ ಓಡಿ, ಮತ್ತೆ ಹೋ ಎಂದು ಮುಂದೆ ಬಂದರು. ಇಪ್ಪತ್ತು ಅಡಿಯ ಒಂದೊಂದು ರಾಡು ಇಳಿದಾಗಲೂ ಮಕ್ಕಳು ಒಟ್ಟಾಗಿ ಕೂಗುತ್ತಿದ್ದರು. ನಾಕು! ಐದು! ಆರು! ಆರನೆಯದಕ್ಕೆ ಕೆಂಪು ಮುಗಿದು ಕರಿಕಲ್ಲಿನ ಬೂದಿ ಬಣ್ಣದ ಹುಡಿ ಬರತೊಡಗಿತು. ಎಲ್ಲರ ಹುಬ್ಬು, ಮೀಸೆ, ಭಾಗಮ್ಮನ ಪೂಜೆಯ ತಟ್ಟೆ, ಎಲ್ಲ ಒಂದೇ ಬಣ್ಣವಾದವು.

ಹತ್ತು. ಹನ್ನೊಂದು. ಹನ್ನೆರಡು. ಬರೀ ಧೂಳು.

ಮಹಾರುದ್ರಪ್ಪ ಧೂಳನ್ನು ಹಿಡಿ ಹಿಡಿಯಾಗಿ ಎತ್ತಿ ತೇವ ಇದೆಯೇ ಎಂದು ಹಿಸುಕಿ ನೋಡುತ್ತಿದ್ದ. ಕಾಶಿರಾಮ ಮನಸ್ಸಿನಲ್ಲಿ ಭಾಷಣ ಸಿದ್ಧ ಮಾಡುತ್ತಿದ್ದ. ಮೊದಲು ನಿಟ್ಟುಸಿರು ಬಿಡಬೇಕು. ಆಮೇಲೆ ಕಲ್ಲು ತೋರಿಸಬೇಕು. “ನಾ ಅಲ್ಲಿ ಹೇಳಿದ್ದು, ಇವರು ಇಲ್ಲಿ ಕೊರದರ” ಎನ್ನಬೇಕು, ಸಿಟ್ಟಿನಿಂದಲ್ಲ, ದುಃಖದಿಂದ. ಭಾಷಣ ಎಷ್ಟು ಸೊಗಸಾಗಿ ಕೂಡಿಬಂತೆಂದರೆ, ನೀರು ಬಂದರೆ ಇದೆಲ್ಲ ದಂಡವಾಗುತ್ತದಲ್ಲ ಎಂಬ ಸಣ್ಣ ಬೇಸರವೂ ಅವನಿಗೆ ಬಂತು. ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಹದಿನಾರು. ಧೂಳು. ಮುಷರಫ್ ಸನ್ನೆಯಲ್ಲೇ ‘ನಿಲ್ಲಿಸಲೇ?’ ಎಂದು ಕೇಳಿದ. ಮಹಾರುದ್ರಪ್ಪ ಕಾಶಿರಾಮನತ್ತ ನೋಡಿದ. ಕಾಶಿರಾಮ ನಿಟ್ಟುಸಿರಿಗೆಂದು ಎದೆ ತುಂಬ ಗಾಳಿ ಎಳೆದುಕೊಂಡ.

“ಇನ್ನೊಂದು ರಾಡ್ ಹಾಕ್ರಿ!” ಮಹಾರುದ್ರಪ್ಪ ಕಿರುಚಿದ.

ಹದಿನೇಳನೆಯದು ಅರ್ಧ ಇಳಿದಿರಬೇಕು. ಗಾಡಿಯ ಸದ್ದು ಬದಲಾಯಿತು. ಧೂಳು ಥಟ್ಟನೆ ನಿಂತಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಒಳಗಿನಿಂದ ಕೆಸರಿನ ಮುದ್ದೆಗಳು ಚಿಮ್ಮಿದವು, ಅದರ ಬೆನ್ನಿಗೇ ಬೂದಿ ಬಣ್ಣದ ನೀರು ಮರದೆತ್ತರಕ್ಕೆ ಎದ್ದು, ಎಲ್ಲರ ತಲೆಯ ಮೇಲೆ ಜಡಿಮಳೆಯಾಗಿ ಸುರಿಯಿತು!

ಆಮೇಲೆ ಯಾರು ಏನು ಮಾಡಿದರು ಎಂದು ಯಾರಿಗೂ ಸರಿಯಾಗಿ ನೆನಪಿಲ್ಲ. ಮಹಾರುದ್ರಪ್ಪ ಕೆಸರಲ್ಲಿ ಮೊಣಕಾಲೂರಿ ಅತ್ತ. ಭಾಗಮ್ಮ ಸೆರಗು ಸಿಕ್ಕಿಸಿ ಕುಣಿದಳು, ಆಕೆ ಕುಣಿದದ್ದನ್ನು ಊರು ಕಂಡದ್ದು ಅದೇ ಮೊದಲು. “ಮೂರ ಇಂಚ ನೀರ! ಪಕ್ಕಾ ಮೂರ ಇಂಚ!” ಎಂದು ಮುಷರಫ್ ಬೆರಳೆತ್ತಿ ತೋರಿಸುತ್ತಿದ್ದ. ಯಾರೋ ಎಪ್ಪತ್ತೆರಡನೆಯ ಶಾಲನ್ನು ಹೊದಿಸಿದರು, ಯಾರೋ ಕಾಶಿರಾಮನನ್ನು ಹೆಗಲ ಮೇಲೆ ಎತ್ತಿದರು. “ಕಾಶಿರಾಮ ಕಾಕಾಗ ಜೈ!” ಅವನೂ ಕೈ ಎತ್ತಿ ನಗುತ್ತಿದ್ದ. ಗೆದ್ದೆ! ಭಾಷಣ ಮರೆತೇಹೋಗಿತ್ತು. ನನ್ನ ಕಾಯಿ ಇಷ್ಟೂ ಜಾಗವನ್ನು ಸೇರಿಸಿಯೇ ಹೇಳಿತ್ತು ಎಂದು ಅಷ್ಟರೊಳಗೆ ಅವನಿಗೆ ಅನ್ನಿಸಲೂ ತೊಡಗಿತ್ತು.

ಹೆಗಲ ಮೇಲಿನಿಂದ ದೂರದವರೆಗೆ ಕಾಣುತ್ತದೆ. ಜನರೆಲ್ಲ ಕುಣಿಯುತ್ತಿದ್ದರೆ ಒಬ್ಬಳು ಮಾತ್ರ ಬಗ್ಗಿದ್ದಳು. ಕಾಂತಾಬಾಯಿ ಕಲ್ಲಿನಿಂದ ಕೊರೆದ ಜಾಗದ ಕಡೆಗೆ, ಕೆಸರಲ್ಲಿ ಮೊಣಕೈ ಊರಿ ಊರಿ, ಅಳೆಯುತ್ತ ಬರುತ್ತಿದ್ದಳು. ಒಂದು ಮೊಳ. ಎರಡು. ಮೂರು. ನಾಲ್ಕು. ಎದ್ದು ನಿಂತಳು. ಹಿಂದಕ್ಕೆ ಹೋಗಿ ಇನ್ನೊಮ್ಮೆ ಅಳೆದಳು.

“ಇಳಸ್ರೋ ನನ್ನ,” ಅಂದ ಕಾಶಿರಾಮ. ಯಾರಿಗೂ ಕೇಳಿಸಲಿಲ್ಲ. ಅವನೇ ಹಾರಿ, ಜಾರಿ, ಕೆಸರಲ್ಲಿ ಎದ್ದುಬಿದ್ದು ಅವಳ ಬಳಿ ಬಂದ.

ಅವಳು ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವಳ ಮುಖದ ತುಂಬ ಖುಷಿ ಇತ್ತು.

“ಸಾವಕಾರ್ರಿಗಿ ನೀರ ಬಿತ್ತಲ್ರಿ ಕಾಕಾ, ನನ್ನ ಜೀವ ತಣ್ಣಗಾತು! ನಾಕ ಮೊಳ ಅದ ರೀ, ಎರಡ ಸಲ ಅಳದೆ.” ಸ್ವಲ್ಪ ತಡೆದು, ತಾನೇ ಅವನಿಗೆ ಸಹಾಯ ಮಾಡುವಂತೆ ಅಂದಳು: “ಇಲ್ಲಿ ನೀರಿನ ಹರವ ದೊಡ್ಡದ ಇರಬೇಕು, ಅಲ್ಲೇನ್ರಿ? ನಮ್ಮ ಹೊಲದಾಗ ಸಣ್ಣದಿತ್ತು. ಅದಕ್ಕ ಗೇಣ ಸರದಿದ್ದಕ್ಕೇ ತಪ್ಪಿತು.”

ಸಿದ್ಧ ಮಾಡಿದ ಕಾರಣವನ್ನು ತಂದು ಅವನ ಕೈಯಲ್ಲೇ ಇಟ್ಟಿದ್ದಳು. ಅವನು ಹೂಂ ಎಂದರೆ ಮುಗಿಯುತ್ತಿತ್ತು. ಅವಳು ನಂಬುತ್ತಿದ್ದಳು, ಊರು ನಂಬುತ್ತಿತ್ತು, ನಾಳೆ ಬೆಳಗಾಗುವಷ್ಟರಲ್ಲಿ ಅವನೂ ನಂಬುತ್ತಿದ್ದ. ತಲೆ ಅರ್ಧ ಆಡಿಯೂ ಬಿಟ್ಟಿತ್ತು.

ಆದರೆ ಅವನಿಗೆ ಅಂದು ಎಲ್ಲರ ನಡುವೆ ಮೇಲೆದ್ದ ಆ ಕೈ ನೆನಪಾಯಿತು. ಅವಳು ಕಲ್ಲೆತ್ತಿದ್ದನ್ನು ಯಾರೂ ನೋಡಿರಲಿಲ್ಲ. ಅವಳು ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಳ್ಳು ಹೇಳಿದ್ದರೆ ಅವಳು ಉಳಿಯುತ್ತಿದ್ದಳು. ನಿಜ ಹೇಳಿದ್ದಕ್ಕೆ ಸಿಕ್ಕಿಬಿದ್ದಳು, ಸಿಕ್ಕಿಸಿದವನು ತಾನು.

“ಇಲ್ಲ ತಂಗಿ,” ಅಂದ. “ಹರವ ದೊಡ್ಡದೂ ಇಲ್ಲ, ಸಣ್ಣದೂ ಇಲ್ಲ. ನಿಮ್ಮ ಹೊಲದಾಗ ನನ್ನ ಪಾಯಿಂಟ್ ತಪ್ಪಿತ್ತು. ಕಲ್ಲ ಸರದಿದ್ದು ನಾ ನೋಡಿಲ್ಲ. ಮಂದಿ ಮುಂದ ಮಾರಿ ಉಳಿಸ್ಕೊಳ್ಳಾಕ ನಿನ್ನ ಮ್ಯಾಲ ಹಾಕಿದೆ.”

ಕಾಂತಾಬಾಯಿ ಅವನನ್ನೇ ನೋಡಿದಳು. ಮುಖದ ಮೇಲಿನ ಕೆಸರನ್ನು ಒರೆಸಿಕೊಳ್ಳಲು ಎತ್ತಿದ ಕೈ ಅಲ್ಲೇ ನಿಂತಿತು.

“ಮತ್ತೊಮ್ಮೆ ಹೇಳ್ರಿ,” ಅಂದಳು. “ಜೋರಲೆ ಹೇಳ್ರಿ.”

ಕಾಶಿರಾಮ ಬೋರಿಗೆಂದು ತಂದಿದ್ದ ಕೇಸಿಂಗ್ ಪೈಪುಗಳ ರಾಶಿಯ ಮೇಲೆ ಹತ್ತಿದ. ಗಂಟಲು ಹರಿಯುವಂತೆ ಕೂಗಿದ. ಕಲ್ಲು ಅಲ್ಲಿತ್ತು, ಗಾಡಿ ಇಲ್ಲಿತ್ತು ಎಂದ. ಗೊತ್ತಿದ್ದೂ ಸುಮ್ಮನಿದ್ದೆ, ನೀರು ಬರದಿದ್ದರೆ ನೆವ ಬೇಕಿತ್ತು ಎಂದ. ಕಾಂತಾಬಾಯಿಯ ಕಲ್ಲು ಸರಿದಿರಲಿಲ್ಲ, ಅವಳದೇನೂ ತಪ್ಪಿಲ್ಲ, ತಪ್ಪೆಲ್ಲ ನನ್ನದು ಎಂದ. ಮುಷರಫ್ ಅಳತೆ ಟೇಪು ಹಿಡಿದು, “ಹೌದ್ರಿ, ಆರ ಫೂಟ್ ಬರೋಬ್ಬರಿ” ಎಂದು ಸಾಕ್ಷಿ ನುಡಿದ.

ಮಹಾರುದ್ರಪ್ಪ ಎರಡೂ ಕೈ ಮೇಲೆತ್ತಿದ.

“ನೋಡ್ರಿ ದೊಡ್ಡಾವರ ದೊಡ್ಡ ಮಾತು! ಗಾಡಿ ಆರ ಫೂಟ್ ಸರದ್ರ ನೀರೇ ಕಾಕಾನ ಮಾತ ಕೇಳಿ ಸರದ ಬಂತು! ಹಾಕ್ರೋ ಒಂದ ಹಾರ!”

ಜೈಕಾರ ಮೊದಲಿಗಿಂತ ಇಮ್ಮಡಿಯಾಯಿತು. “ಕಾಗಿ ಕುಂದ್ರೂದಕ್ಕ, ಟೊಂಗಿ ಮುರಿಯೂದಕ್ಕ” ಎಂದು ಮುಷರಫ್ ನಗುತ್ತ ಟೇಪು ಸುತ್ತಿಕೊಂಡ. ಕಾಶಿರಾಮ ಪೈಪಿನ ಮೇಲೆ ಬಾಯಿ ತೆರೆದು ನಿಂತ. ಮೂವತ್ತು ವರ್ಷ ತಾನು ಬಿತ್ತಿದ್ದ ಬೆಳೆ ಹೀಗೆ ಎದೆಯೆತ್ತರ ಬೆಳೆದು ನಿಂತದ್ದನ್ನು ಅವನು ಈಗಷ್ಟೇ ನೋಡುತ್ತಿದ್ದ.

ಜನರನ್ನು ತಳ್ಳಿಕೊಂಡು ಒಬ್ಬ ಮುಂದೆ ಬಂದ. ದೇವಿಂದ್ರಪ್ಪ. ಅವನ ಮುಖದಲ್ಲಿ ಮಾತ್ರ ಖುಷಿ ಇರಲಿಲ್ಲ.

“ಅಲ್ಲ ಕಾಕಾ, ಕಲ್ಲ ಸರದಿತ್ತು. ನಾ ಕಣ್ಣಾರೆ ನೋಡೇನಿ. ಒಂದ ಮೊಳ ಸರದಿತ್ತು.”

ಕಾಶಿರಾಮ ಅವನನ್ನು ದಿಟ್ಟಿಸಿದ. ಮಾತು ತನ್ನದೇ, ದನಿ ಮಾತ್ರ ಬೇರೆಯವನದು. ನಾಲ್ಕು ವರ್ಷ ಹೆಂಡತಿಗೆ ಮುಖ ಕೊಟ್ಟು ಮಾತಾಡದವನು, ತಾಯಿ ಅವಳ ಕೈಯಿಂದ ಬೀಜ ಕಿತ್ತುಕೊಂಡಾಗ ಸುಮ್ಮನಿದ್ದವನು. ಕಲ್ಲು ಸರಿಯಲೇ ಇಲ್ಲವೆಂದರೆ ಆ ನಾಲ್ಕು ವರ್ಷವನ್ನು ಅವನು ಎಲ್ಲಿಡಬೇಕು?

“ದೇವಿಂದ್ರಾ,” ಕಾಶಿರಾಮ ಪೈಪಿನಿಂದ ಇಳಿದು ಅವನ ಹೆಗಲ ಮೇಲೆ ಕೈ ಇಟ್ಟ. “ಆ ಎಂಟೂ ದಿನ ನೀ ಹುಮನಾಬಾದಿನಾಗ ಗಾಡಿ ಹುಡಕಾಕತ್ತಿದ್ದಿ. ನೀನೂ ನೋಡಿಲ್ಲ, ನಾನೂ ನೋಡಿಲ್ಲ. ನಾ ಗೇಣ ಅಂದೆ, ನೀ ಮೊಳ ಮಾಡಿದಿ.”

ದೇವಿಂದ್ರಪ್ಪ ಏನೋ ಹೇಳಲು ಹೋದ.

ಅವನ ಉತ್ತರಕ್ಕೆ ಕಾಂತಾಬಾಯಿ ಕಾಯಲಿಲ್ಲ. ನೇರ ಭಾಗಮ್ಮನ ಬಳಿ ಹೋದಳು. ಹೊಸ ನೀರಿನ ಮೊದಲ ಕೊಡ ತುಂಬಲೆಂದು ಭಾಗಮ್ಮ ತಂದಿದ್ದ ತಾಮ್ರದ ಕೊಡ ಅಲ್ಲೇ ಇತ್ತು.

“ಅಕ್ಕಾರ, ಈ ಕೊಡ ನಾ ತುಂಬತೀನ್ರಿ.”

ಅದು ಕೇಳಿದ್ದಲ್ಲ, ಹೇಳಿದ್ದು. ದೂರ ನಿಂದ್ರವಾ ಎನ್ನಲು ಭಾಗಮ್ಮನ ಕೈ ಅರ್ಧ ಎದ್ದಿತು. ಯಾಕೆ ದೂರ ಎಂದು ಆ ಕೈಗೇ ತಿಳಿಯದೆ ಕೆಳಗಿಳಿಯಿತು. ಕಾಂತಾಬಾಯಿ ಚಿಮ್ಮುತ್ತಿದ್ದ ನೀರಿನೊಳಗೇ ಹೊಕ್ಕು, ತಲೆಯಿಂದ ಕಾಲತನಕ ತೊಯ್ದು, ಕೊಡ ತುಂಬಿ ತಲೆಯ ಮೇಲಿಟ್ಟುಕೊಂಡು ಹೊರಬಂದಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಅಷ್ಟು ನೀರಲ್ಲಿ ಯಾರಿಗೆ ಗೊತ್ತಾಗಬೇಕು.

“ನಡೀರಿ ಕಾಕಾ. ನಮ್ಮತ್ತಿ ಮನ್ಯಾಗ ಅದಾಳ. ಆಕಿ ಮುಂದ ಇದನ್ನೇ ಹೇಳ್ರಿ. ಆಕಿಗಿ ಕಿವಿ ಮಂದ, ಜೋರಲೆ ಹೇಳಬೇಕಾಗ್ತದ.”

ಕಾಶಿರಾಮ ಶಾಲನ್ನು ತೆಗೆದು ಗಾಡಿಯ ಬಾಗಿಲಿಗೆ ತೂಗುಹಾಕಿದ. ಕುಂಕುಮದ ಕಲ್ಲನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡು ಅವಳ ಹಿಂದೆ ಹೊರಟ. ದೇವಿಂದ್ರಪ್ಪ ಕೆಸರನ್ನು ಕಾಲಲ್ಲಿ ಕೆದಕುತ್ತ ನಿಂತಿದ್ದು, ಆಮೇಲೆ ಹತ್ತು ಹೆಜ್ಜೆ ಬಿಟ್ಟು ಹಿಂದೆ ಬಂದ.

“ಏ, ಕಾಕಾ ಕಲ್ಲ ತಗೊಂಡ ಹೊಂಟಾರ!” ಗುಂಪಿನಿಂದ ಯಾರೋ ಕೂಗಿದರು. “ದೇವಿಂದ್ರನ ಹೊಲಕ್ಕ ಹೊಸ ಪಾಯಿಂಟ್ ಕೊಡಾಕ ಹೊಂಟಾರ! ನಡೀರೋ!”

ಅರ್ಧ ಊರು ದಬದಬ ಓಡಿ ಬಂತು. ಕಾಶಿರಾಮ ತಿರುಗಿ ನಿಂತು ಹಣೆ ಚಚ್ಚಿಕೊಂಡ. ಕಾಂತಾಬಾಯಿ ಕೊಡ ಅಲುಗದಂತೆ ಕತ್ತು ಹೊರಳಿಸಿ ನೋಡಿದಳು.

“ಬರಲಿ ಬಿಡ್ರಿ ಕಾಕಾ,” ಅಂದಳು. “ಗೇಣ ಸರದದ ಅಂದದ್ದನ್ನ ಅವತ್ತ ಕೇಳಿದವರೂ ಇವರೇ.”